ಬಿಸಿ ರೊಟ್ಟಿ ಎಲ್ಲಿ ಉಣ್ಣಬೇಕು?

ಗೋಳಗುಮ್ಮಟ ನೋಡಿ ಹಸಿದು ಬಂದವರಿಗೆ ನನ್ನ ಮಾತು ಇಷ್ಟೇ: ರೊಟ್ಟಿ ಊಟಕ್ಕೆ ಬೋರ್ಡ್ ನೋಡಿ ಒಳಗೆ ಹೋಗಬೇಡಿ, ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹೋಗಿ. ಕಾರಣ ಜೋಳದಲ್ಲೇ ಇದೆ. ಬಬಲೇಶ್ವರದ ಕಡೆ ಡೋಣಿ ನದಿ ಸಾಲಿನ ಎರೆಹೊಲದಲ್ಲಿ ಹಿಂಗಾರಿಗೆ ಬಿತ್ತುವ ಬಿಳಿಜೋಳಕ್ಕೆ ಗೋಧಿಯ ಹಾಗೆ ಜಿಗುಟಿಲ್ಲ. ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಒಣಹಿಟ್ಟಿನ ಮೇಲೆ ಅಂಗೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ, ಕೊನೆಗೆ ಉರಿಗೆ ಒಡ್ಡಿದಾಗ ರೊಟ್ಟಿ ಬುಗ್ಗನೆ ಉಬ್ಬುತ್ತದೆ. ಆ ಮೆತ್ತಗಿನ ಹದ ಹೆಚ್ಚು ಹೊತ್ತು ಉಳಿಯುವುದಿಲ್ಲ, ಆರಿದಂತೆ ಬಿರುಸಾಗುತ್ತದೆ. ಹಾಗಾಗಿ ಒಲೆಗೂ ತಾಟಿಗೂ ನಡುವೆ ಹತ್ತು ಹೆಜ್ಜೆಯಷ್ಟೇ ಇರುವ ಸಣ್ಣ ಖಾನಾವಳಿಯೇ ಮೇಲು.

ಖಡಕ್ ರೊಟ್ಟಿ ವಾರಗಟ್ಟಲೆ ಕೆಡದೆ ಇರುತ್ತದಲ್ಲ, ಎಲ್ಲಿ ಉಂಡರೇನು ಎನ್ನಬಹುದು. ನಿಜ, ತಿಕೋಟಾದಿಂದ ದೂರದ ಊರಿಗೆ ಹೊರಟವರ ಬುತ್ತಿಗೆ ಅದೇ ಸರಿ. ಆದರೆ ಅದರ ರುಚಿಯೇ ಬೇರೆ. ಎಣ್ಣೆಗಾಯಿಯ ರಸವನ್ನು ಮೆತ್ತಗೆ ಒರೆಸಿಕೊಂಡು ಬಾಯಿಗೆ ಬರುವುದು ಬಿಸಿ ರೊಟ್ಟಿಯೇ. ಇನ್ನು, ಕಾಯಬೇಕಾಗುತ್ತದೆ ಎಂಬ ತಕರಾರು. ಚಿಕಾಗೊದಲ್ಲಿ 1943ರಲ್ಲಿ ಶುರುವಾದ ಪಿಜ್ಜೇರಿಯಾ ಉನೋ ಹೆಸರುವಾಸಿ ಮಾಡಿದ ಡೀಪ್ ಡಿಶ್ ಪಿಜ್ಜಾ ಬೇಯಲು ಅರ್ಧ ತಾಸು ಬೇಕು, ಜನ ಕಾಯುತ್ತಾರೆ. ಇಲ್ಲಿ ಒಂದು ರೊಟ್ಟಿಗೆ ಕೆಲವೇ ನಿಮಿಷ. ಅಷ್ಟರಲ್ಲಿ ಶೇಂಗಾ ಹಿಂಡಿಗೆ ಗಟ್ಟಿ ಮೊಸರು ಕಲಸಿಕೊಳ್ಳಿ, ಉಳ್ಳಾಗಡ್ಡಿ ಗುದ್ದಿ ಒಡೆದಿಟ್ಟುಕೊಳ್ಳಿ.