ಹಳೆಯ ಕಂಪ್ಯೂಟರು, ಹೊಸ ವ್ಯವಸ್ಥೆ, ನಡುವಿನ ದುಭಾಷಿ

ಹಳಿಯಾಳದ ಪೇಟೆಯಲ್ಲಿ ಅರ್ಧ ತಾಸು ನಿಂತರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಮುಂಡಗೋಡಿಗೆ ಹೋದರೆ, 1966ರಿಂದ ಅಲ್ಲಿ ನೆಲೆಸಿರುವ ಟಿಬೆಟಿನವರ ಮಾತೂ ಅವುಗಳ ಜೊತೆಗೆ ಸೇರುತ್ತದೆ. ಆದರೂ ವ್ಯಾಪಾರ ನಿಲ್ಲುವುದಿಲ್ಲ. ಎರಡು ಭಾಷೆ ಬಲ್ಲ ಒಬ್ಬರು ನಡುವೆ ನಿಂತು ಮಾತನ್ನು ಅತ್ತಿಂದಿತ್ತ ದಾಟಿಸುತ್ತಾರೆ.

ನಿಮ್ಮ ಮನೆಯ ಕಂಪ್ಯೂಟರಿನೊಳಗೂ ಇಂಥದೇ ಒಂದು ಪೇಟೆಯುಂಟು. ಮುದ್ರಣಯಂತ್ರ, ಧ್ವನಿಯ ಚಿಪ್ಪು, ವೈಫೈ ಚಿಪ್ಪು, ಕ್ಯಾಮರಾ, ಇವುಗಳಲ್ಲಿ ಒಂದೊಂದಕ್ಕೂ ತನ್ನದೇ ಭಾಷೆ. ಇವೆಲ್ಲವನ್ನೂ ನಡೆಸುವ ಕಾರ್ಯವ್ಯವಸ್ಥೆಗೆ ಈ ಭಾಷೆಗಳು ತಾನಾಗಿ ತಿಳಿಯವು. ನಡುವೆ ನಿಂತು ಹೇಳಿದ್ದನ್ನು ತಿಳಿಸುವ ಸಣ್ಣ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಡ್ರೈವರೆಂದರೆ ದುಭಾಷಿಯೆಂದೇ ತಿಳಿಯಿರಿ. ದುಭಾಷಿ ಇಲ್ಲದಿದ್ದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಮೂಕ.

ಈ ವಿಚಾರ ಈಗ ಮನೆಮನೆಗೆ ಬಂದಿರುವುದಕ್ಕೆ ಕಾರಣವುಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಭದ್ರತೆಯ ತಿದ್ದುಪಡಿಗಳು 2026ರ ಅಕ್ಟೋಬರ್ 13ರವರೆಗೆ ದೊರೆಯುವಂತೆ ಏರ್ಪಾಡಾಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ, ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರುಗಳನ್ನು ಅದು ಒಪ್ಪುವುದಿಲ್ಲ. ಹೀಗಾಗಿ ಮಗಳ ಓದಿಗೆಂದು ಕೊಂಡ, ಇನ್ನೂ ಗಟ್ಟಿಮುಟ್ಟಾಗಿರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ, ಅಥವಾ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಗೆ ಹೊರಳಿಸಬಹುದೆ ಎಂಬುದು ನಿಜವಾದ ಪ್ರಶ್ನೆಯೇ ಆಗಿದೆ. ಲಿನಕ್ಸಿಗೆ ಹಣ ಕೊಡಬೇಕಾಗಿಲ್ಲ. ಆದರೆ ನಿಮ್ಮ ಯಂತ್ರಕ್ಕೆ ಅದರಲ್ಲಿ ದುಭಾಷಿ ಇದ್ದಾನೆಯೆ ಎಂಬುದನ್ನು ಮೊದಲು ನೋಡಬೇಕು.

ಎರಡು ವ್ಯವಸ್ಥೆಗಳಿಗೂ ಇರುವ ಭೇದವನ್ನು ಸ್ವಲ್ಪ ವಿಚಾರಿಸೋಣ. ವಿಂಡೋಸಿನಲ್ಲಿ ಬಹುಮಟ್ಟಿಗೆ ಯಂತ್ರವನ್ನು ತಯಾರಿಸಿದವರೇ ದುಭಾಷಿಯನ್ನೂ ಕಳುಹಿಸಿಕೊಡುತ್ತಾರೆ. ಪೆಟ್ಟಿಗೆಯೊಳಗೆ ಬರುತ್ತಿದ್ದ ಸಿ.ಡಿ.ಯಲ್ಲಿ ಇರುತ್ತಿದ್ದುದು ಅದೇ. ಲಿನಕ್ಸಿನಲ್ಲಿಯಾದರೋ ಹೆಚ್ಚಿನ ದುಭಾಷಿಗಳು ಮನೆಯೊಳಗೇ ವಾಸವಾಗಿದ್ದಾರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು, ಇಂದು ಬೃಹದಾಕಾರವಾಗಿ ಬೆಳೆದಿದೆ. ಅದರ ಬರವಣಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರುಗಳೇ. ಆದುದರಿಂದ ಬಹಳ ಸಲ ಏನನ್ನೂ ಸೇರಿಸದೆಯೇ ಧ್ವನಿ, ಪರದೆ, ಮೌಸ್ ಎಲ್ಲವೂ ಮೊದಲ ದಿನವೇ ಕೆಲಸ ಮಾಡುತ್ತವೆ. ತಯಾರಕರು ಕೈಬಿಟ್ಟ ಹಳೆಯ ಸ್ಕ್ಯಾನರು ಲಿನಕ್ಸಿನಲ್ಲಿ ಮತ್ತೆ ಜೀವ ತಳೆಯುವುದೂ ಇದೇ ಕಾರಣದಿಂದ.

ತೊಡಕು ಬರುವುದೆಲ್ಲಿ? ತಯಾರಕರು ದುಭಾಷಿಯನ್ನೂ ಕಳುಹಿಸದೆ, ತಮ್ಮ ಯಂತ್ರದ ಭಾಷೆಯ ವ್ಯಾಕರಣವನ್ನೂ ಬಿಟ್ಟುಕೊಡದೆ ಇದ್ದಲ್ಲಿ. ಆಗ ಸ್ವಯಂಸೇವಕರು ಆ ಯಂತ್ರ ವಿಂಡೋಸಿನೊಡನೆ ಆಡುವ ಮಾತನ್ನು ಮರೆಯಲ್ಲಿ ನಿಂತು ಕೇಳಿದಂತೆ ಕೇಳಿ, ಊಹಿಸಿ, ಡ್ರೈವರ್ ಬರೆಯಬೇಕಾಗುತ್ತದೆ. ಮುಕ್ತ ತಂತ್ರಾಂಶದ ಚಳವಳಿಗೆ ಪ್ರೇರಣೆಯಾದ ಸಂಗತಿಗಳಲ್ಲಿ ಒಂದು ಇಂಥ ತೊಡಕೇ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಪ್ರಯೋಗಾಲಯಕ್ಕೆ ಝೆರಾಕ್ಸ್ ಸಂಸ್ಥೆಯ ಒಂದು ಲೇಸರ್ ಮುದ್ರಣಯಂತ್ರ ಬಂದಿತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಸುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಮೂಲ ಬರಹ ಅವರಿಗೆ ದೊರೆಯಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು.

ಇನ್ನು ನಿಮ್ಮ ಮೇಜಿನ ಮೇಲಿರುವ ವಸ್ತುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಮುದ್ರಣಯಂತ್ರ. ಅಂಗಡಿ, ಸೊಸೈಟಿಗಳಲ್ಲಿ ಕಿರ್‌ಕಿರ್ ಎನ್ನುವ ಎಪ್ಸನ್ ಮಾದರಿಯ ಡಾಟ್ ಮೆಟ್ರಿಕ್ಸ್ ಯಂತ್ರದ ಭಾಷೆ ಬಹುಕಾಲದಿಂದ ಬಹಿರಂಗವಾಗಿರುವುದರಿಂದ ಚಿಂತೆ ಕಡಿಮೆ. ಈಚಿನ ವರ್ಷಗಳ ವೈಫೈ ಮುದ್ರಣಯಂತ್ರಗಳಲ್ಲಿ ಹೆಚ್ಚಿನವು ಒಂದು ಸಾಮಾನ್ಯ ಭಾಷೆಯನ್ನೇ ಆಡುತ್ತವೆ. ಅವುಗಳಿಗೆ ಪ್ರತ್ಯೇಕ ಡ್ರೈವರೇ ಬೇಡ. ತೊಂದರೆ ಇರುವುದು ಈ ಎರಡರ ನಡುವಿನ ಕಾಲದ ಅಗ್ಗದ ಲೇಸರ್ ಯಂತ್ರಗಳಲ್ಲಿ. ಎಚ್‌ಪಿ ಲೇಸರ್‌ಜೆಟ್ 1020ನ್ನು ತೆಗೆದುಕೊಳ್ಳಿ. ಸ್ವಿಚ್ ಆರಿಸಿದೊಡನೆ ಅದು ತನ್ನ ಕೆಲಸವನ್ನೇ ಮರೆತುಬಿಡುತ್ತದೆ. ಮತ್ತೆ ಹಚ್ಚಿದಾಗಲೆಲ್ಲ ಫರ್ಮ್‌ವೇರ್ ಎಂಬ ಪಾಠವನ್ನು ಕಂಪ್ಯೂಟರೇ ಅದಕ್ಕೆ ಒಪ್ಪಿಸಬೇಕು. ಎಚ್‌ಪಿ ಸಂಸ್ಥೆ ಲಿನಕ್ಸಿಗೆಂದು ಎಚ್‌ಪಿಲಿಪ್ ಎಂಬ ಮುಕ್ತ ತಂತ್ರಾಂಶವನ್ನು ಕೊಟ್ಟಿದೆ. ಆದರೆ ಈ ಯಂತ್ರಕ್ಕೆ ಅದರ ಜೊತೆಗೆ ಇನ್ನೊಂದು ಸಣ್ಣ ಕಡತವನ್ನು ಅಂತರಜಾಲದಿಂದ ಇಳಿಸಿಕೊಳ್ಳಬೇಕು. ನಮ್ಮ ದೇಶದ ಕಚೇರಿಗಳಲ್ಲಿ ಬಹಳ ಬಳಕೆಯಾದ ಕ್ಯಾನನ್ ಎಲ್‌ಬಿಪಿ 2900 ಇನ್ನೂ ಹಟಮಾರಿ. ಅದು ಆಡುವುದು ಕ್ಯಾಪ್ಟ್ ಎಂಬ ಸ್ವಂತ ಭಾಷೆ. ಅದಕ್ಕೆ ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರೂ ಉಂಟು, ಸ್ವಯಂಸೇವಕರು ಬರೆದದ್ದೂ ಉಂಟು. ಎರಡಕ್ಕೂ ತಾಳ್ಮೆ ಬೇಕು.

ಎರಡನೆಯದು ವೈಫೈ. ಇಂಟೆಲ್ ಮತ್ತು ಅಥೆರೋಸ್ ಚಿಪ್ಪುಗಳಿದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಿಗೆ ಮಾತ್ರ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಇಲ್ಲೊಂದು ವಿಚಿತ್ರವುಂಟು: ವೈಫೈ ಡ್ರೈವರನ್ನು ತರಲು ಅಂತರಜಾಲ ಬೇಕು, ಅಂತರಜಾಲ ಬರಲು ವೈಫೈ ಬೇಕು! ಬೀಗದ ಕೈ ಬೀಗ ಹಾಕಿದ ಕೋಣೆಯಲ್ಲೇ ಉಳಿದಂತೆ. ಇದಕ್ಕೆ ಸುಲಭವಾದ ಪರಿಹಾರ ನಿಮ್ಮ ಮೊಬೈಲು. ಆಂಡ್ರಾಯ್ಡ್ ಫೋನನ್ನು ಚಾರ್ಜು ಮಾಡುವ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಆರಿಸಿದರೆ, ಲಿನಕ್ಸ್ ಅದನ್ನು ಯಾವ ಹೊಸ ಡ್ರೈವರೂ ಇಲ್ಲದೆ ಗುರುತಿಸುತ್ತದೆ. ಡೆಬಿಯನ್ ಎಂಬ ಲಿನಕ್ಸ್ ಪ್ರಭೇದವಂತೂ ಇಂಥ ಫರ್ಮ್‌ವೇರುಗಳಲ್ಲಿ ಹಲವನ್ನು 2023ರಲ್ಲಿ ಬಂದ ತನ್ನ 12ನೆಯ ಆವೃತ್ತಿಯಿಂದ ಸ್ಥಾಪನಾ ಕಡತದಲ್ಲೇ ಸೇರಿಸಿಕೊಡುತ್ತಿದೆ.

ಜೋಯಿಡಾದ ಕಾಡಿನ ನಡುವಣ ಊರುಗಳವರಿಗೆ ಫೋನಿನ ಸಿಗ್ನಲ್ಲೇ ದುರ್ಲಭವಾದೀತು. ಅಂಥವರು ದಾಂಡೇಲಿಗೋ ಹಳಿಯಾಳಕ್ಕೋ ಬಂದಾಗಲೇ ಸ್ಥಾಪನೆಗೆ ಬೇಕಾದ ಕಡತವನ್ನೂ ತಮ್ಮ ಯಂತ್ರದ ಡ್ರೈವರನ್ನೂ ಇಳಿಸಿಕೊಂಡು ಹೋಗುವುದು ಜಾಣತನ. ಮಳೆಗಾಲದಲ್ಲಿ ಕರೆಂಟು ಹೋಗಿಬರುವ ದಿನ ಸ್ಥಾಪನೆಗೆ ಕೈಹಾಕದಿರುವುದೂ ಲೇಸು. ಅರ್ಧದಲ್ಲಿ ನಿಂತರೆ ಎರಡು ವ್ಯವಸ್ಥೆಗಳೂ ಇಲ್ಲದಂತಾದೀತು.

ಇಷ್ಟನ್ನೆಲ್ಲ ಊಹಿಸುತ್ತ ಕುಳಿತುಕೊಳ್ಳಬೇಕಾಗಿಲ್ಲ. ಯಂತ್ರವನ್ನೇ ಕೇಳಬಹುದು. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವುಗಳ ಕಡತವನ್ನು ಅವುಗಳ ಅಧಿಕೃತ ತಾಣದಿಂದ ತಂದು, ಅದಕ್ಕೆಂದೇ ಇರುವ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಇಳಿಸಿರಿ. ಆ ಪೆನ್‌ಡ್ರೈವಿನಲ್ಲಿ ಮೊದಲೇ ಇದ್ದುದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿರಲಿ. ಅದರಿಂದಲೇ ಕಂಪ್ಯೂಟರನ್ನು ಹಚ್ಚಿ, ಸ್ಥಾಪಿಸದೆ ಪರೀಕ್ಷಿಸುವ ಆಯ್ಕೆಯನ್ನು ಒತ್ತಿದರೆ, ಒಳಗಿನ ಡಿಸ್ಕನ್ನು ಮುಟ್ಟದೆ ಇಡೀ ವ್ಯವಸ್ಥೆ ತಾತ್ಕಾಲಿಕವಾಗಿ ಎದ್ದು ನಿಲ್ಲುತ್ತದೆ. ಆಗ ಸಾವಧಾನವಾಗಿ ಒಂದೊಂದನ್ನೇ ನೋಡಿ: ಹಾಡು ಕೇಳಿಸುತ್ತದೆಯೆ? ವೈಫೈ ಸಿಗುತ್ತದೆಯೆ? ಕ್ಯಾಮರಾದಲ್ಲಿ ಮುಖ ಕಾಣುತ್ತದೆಯೆ? ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಗೊಳ್ಳುತ್ತದೆಯೆ? ಒಂದು ಪುಟ ಮುದ್ರಿಸಿ, ಒಂದು ಪುಟ ಸ್ಕ್ಯಾನ್ ಮಾಡಿ. ಕನ್ನಡ ಟೈಪು ಮಾಡುವವರಿಗೆ ಪರಿಚಿತವಾದ ಕಗಪ ಕೀಲಿಮಣೆಯ ವಿನ್ಯಾಸವೂ ಅಲ್ಲಿಯ ಪಟ್ಟಿಯಲ್ಲಿದೆ, ಅದನ್ನೂ ಪರೀಕ್ಷಿಸಿ.

ಏನಾದರೂ ಮೂಕವಾಗಿ ಉಳಿದರೆ, ಟರ್ಮಿನಲ್ ಕಿಟಕಿಯನ್ನು ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಎಂಟರ್ ಕೊಡಿ. ಒಳಗಿನ ಚಿಪ್ಪುಗಳ ಹೆಸರಿನ ಪಟ್ಟಿ ಬರುತ್ತದೆ. ತಂತಿಯಿಂದ ಹೊರಗೆ ಜೋಡಿಸಿದ ವಸ್ತುಗಳಿಗಾದರೆ ಎಲ್, ಎಸ್, ಯು, ಎಸ್, ಬಿ. ನಿಮಗೆ ಬೇಕಾದುದು ಪೆಟ್ಟಿಗೆಯ ಮೇಲಿನ ಹೆಸರಲ್ಲ, ಈ ಚಿಪ್ಪಿನ ಹೆಸರು. ಒಂದೇ ಹೆಸರಿನ ವೈಫೈ ಕಡ್ಡಿಯೊಳಗೆ ಒಂದು ವರ್ಷ ಒಂದು ಚಿಪ್ಪು, ಮರುವರ್ಷ ಮತ್ತೊಂದು ಇರುವುದುಂಟು. ಆ ಹೆಸರನ್ನು ಬರೆದುಕೊಂಡು ವಿಚಾರಿಸಿದರೆ ಉತ್ತರ ಬೇಗ ದೊರೆಯುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬೆರಳಚ್ಚಿನ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಮೊದಲಾದವುಗಳಿಂದಲೇ ನಿಮ್ಮ ಸಂಪಾದನೆ ನಡೆಯುತ್ತಿದ್ದರೆ ಅವಸರ ಬೇಡ. ಇವು ತಯಾರಕರ ಸ್ವಂತ ತಂತ್ರಾಂಶವನ್ನು ನೆಚ್ಚಿರುತ್ತವೆ. ಲಿನಕ್ಸಿಗೆ ಅದು ಉಂಟೆ ಎಂದು ಅವರನ್ನೇ ಕೇಳಿ ಖಚಿತಪಡಿಸಿಕೊಳ್ಳುವವರೆಗೆ ಆ ಕೆಲಸದ ಯಂತ್ರವನ್ನು ಮುಟ್ಟದಿರಿ.

ಇದೆಲ್ಲ ಪಂಡಿತರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾಗಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡ ಶಾಲಾ ಯೋಜನೆ ಅಲ್ಲಿಯ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸಿಗೆ ಹೊರಳಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಪಾಠ ಕಲಿಯುತ್ತಾರೆ. ಎಲ್ಲ ಶಾಲೆಗಳಿಗೂ ಒಂದೇ ಪ್ರಭೇದವನ್ನು ಸಿದ್ಧಪಡಿಸಿ ಹಂಚಿದ್ದರಿಂದ, ಒಂದು ಶಾಲೆಯಲ್ಲಿ ಕಂಡುಕೊಂಡ ಪರಿಹಾರ ಇನ್ನೊಂದು ಶಾಲೆಗೂ ಸಲ್ಲುತ್ತದೆ. ನಿಮ್ಮ ಓಣಿಯ ನಾಲ್ಕು ಮನೆಯವರೂ ಹೀಗೆಯೇ ಒಂದೇ ಪ್ರಭೇದವನ್ನು ಆರಿಸಿಕೊಳ್ಳಬಹುದು.

ಕಡೆಯದಾಗಿ, ಮುಂದೆ ಮುದ್ರಣಯಂತ್ರವನ್ನಾಗಲಿ ವೈಫೈ ಕಡ್ಡಿಯನ್ನಾಗಲಿ ಕೊಳ್ಳುವಾಗ, ಬೆಲೆಯ ಜೊತೆಗೆ "ಇದು ಲಿನಕ್ಸಿನಲ್ಲಿ ನಡೆಯುತ್ತದೆಯೆ?" ಎಂದೂ ಅಂಗಡಿಯವರನ್ನು ಕೇಳಿರಿ. ಕೊಳ್ಳುವವರು ಕೇಳತೊಡಗಿದರೆ ಮಾರುವವರೂ, ತಯಾರಿಸುವವರೂ ಉತ್ತರ ಸಿದ್ಧಮಾಡಿಕೊಳ್ಳಲೇಬೇಕಾಗುತ್ತದೆ.