ಮಾವಿನ ಸಿಪ್ಪೆಯೂ ಉಕ್ಕಿನ ರಕ್ಷಣೆಯೂ

ಉಕ್ಕಿನ ಮೇಲಣ ತುಕ್ಕನ್ನು ತೆಗೆಯಲು ಅದನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದುವುದು ಕಾರ್ಖಾನೆಗಳ ರೂಢಿ. ಆಮ್ಲವು ತುಕ್ಕನ್ನು ಕರಗಿಸಿ ಅಷ್ಟಕ್ಕೇ ನಿಲ್ಲದೆ, ಲೋಹವನ್ನೂ ಸವೆಸಿ ಜಲಜನಕವನ್ನು ಬಿಡುಗಡೆಮಾಡುವುದು. ಈ ಸವೆತವನ್ನು ತಡೆಯಲು ಬೆರೆಸುವ ಕೃತಕ ರಾಸಾಯನಿಕಗಳಲ್ಲಿ ಹಲವು ವಿಷಕಾರಿಯಾದುವು.

ಮಾವಿನ ಸಿಪ್ಪೆಯ ನೀರುಸಾರವು ಈ ಆಮ್ಲದಲ್ಲಿ ಉಕ್ಕಿನ ಸವೆತವನ್ನು ತಗ್ಗಿಸುವುದೆಂದು ಬ್ರೆಜಿಲ್ ದೇಶದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಸಾರದಲ್ಲಿರುವ ಸಾವಯವ ಅಣುಗಳು ಲೋಹದ ಮೈಗೆ ಅಂಟಿ ತೆಳುಪೊರೆಯಾಗಿ ನಿಲ್ಲುವುದೇ ಇದಕ್ಕೆ ಕಾರಣ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಮಾವಿನ ಸೀಮೆಗಳು. ಇಲ್ಲಿ ತಿಪ್ಪೆಗೆ ಸೇರುವ ಸಿಪ್ಪೆಯನ್ನು ನಮ್ಮ ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ತೂಗಿದ ಎರಡು ಸಮಗಾತ್ರದ ಉಕ್ಕಿನ ತುಣುಕುಗಳಲ್ಲಿ ಒಂದನ್ನು ಬರಿಯ ಆಮ್ಲದಲ್ಲಿಯೂ ಇನ್ನೊಂದನ್ನು ಸಾರ ಬೆರೆತ ಆಮ್ಲದಲ್ಲಿಯೂ ಇರಿಸಿ, ತೂಕದ ನಷ್ಟವನ್ನು ಹೋಲಿಸಿದರಾಯಿತು. ಆದರೆ ಸಾರದ ಪ್ರಮಾಣ, ಉಷ್ಣತೆಗಳಿಗೆ ತಕ್ಕಂತೆ ಫಲವು ಬದಲಾಗುವುದರಿಂದ, ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರುವುದು ಸಲ್ಲದು.