ಗಾಡಿಮನೆಯ ಲೆಕ್ಕ: 123 ಲೀಟರ್ ನೀರು, 1,200 ಕಿಲೋ ಭಾರ, 131 ರಾತ್ರಿ

ನಾಲ್ಕು ಜನರ ಕುಟುಂಬ ಗಾಡಿಯಲ್ಲೇ ಉಂಡು, ಗಾಡಿಯಲ್ಲೇ ಮಲಗಿ, ಗಾಡಿಯಲ್ಲೇ ಸ್ನಾನ ಮಾಡಿ ಒಂದು ದಿನ ಕಳೆಯಬೇಕಾದರೆ 123 ಲೀಟರ್ ನೀರು ಬೇಕು. ಕುಡಿಯಲು ಮತ್ತು ಅಡುಗೆಗೆ 20, ಪಾತ್ರೆಗೆ 15, ತಲೆಗೊಂದು 15 ಲೀಟರಿನ ಬಕೆಟ್ ಎಂದರೆ ಸ್ನಾನಕ್ಕೆ 60, ಕೈ-ಮುಖಕ್ಕೆ 12, ಶೌಚಕ್ಕೆ 16. ಇದು ಧಾರಾಳದ ಲೆಕ್ಕವಲ್ಲ. ಜಲಜೀವನ್ ಮಿಷನ್ ಹಳ್ಳಿಯ ಮನೆಗೆ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಇಲ್ಲಿ ತಲೆಗೆ ಬರುವುದು 31ರ ಒಳಗೆ.

ಮೋಟರ್‌ಹೋಮ್ ಮಾಡಿಸಬೇಕೆನ್ನುವವರು ಮೊದಲು ಕೇಳುವುದು ಹಾಸಿಗೆ ಎಷ್ಟು, ಎ.ಸಿ. ಕೂರುತ್ತದೆಯೇ, ಟಿ.ವಿ. ಎಲ್ಲಿ ಎಂದು. ಕೊಪ್ಪಳ ಜಿಲ್ಲೆಯಲ್ಲಿ ತಿರುಗಾಡುವ ಗಾಡಿಗೆ ಆ ಪ್ರಶ್ನೆಗಳು ಆಮೇಲಿನವು. ನೀರು ಎಷ್ಟು, ಅದನ್ನು ಹೊರಲು ಗಾಡಿಗೆ ತ್ರಾಣ ಎಷ್ಟು, ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ ಎಂಬ ಮೂರು ಅಂಕಿಗಳು ಕೈಯಲ್ಲಿದ್ದರೆ ಗಾಡಿಯ ಆಯ್ಕೆ ತಾನಾಗಿಯೇ ಆಗುತ್ತದೆ.

ಈ ಜಿಲ್ಲೆ ಗಾಡಿಮನೆಗೆ ಹೇಳಿ ಮಾಡಿಸಿದಂತಿದೆ ಎನ್ನುವುದೂ ನಿಜ. 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯ ಒಂದು ದಿಕ್ಕಿಗೆ, ನಾನೂರಕ್ಕೂ ಹೆಚ್ಚು ಶಿಲಾಸಮಾಧಿಗಳಿರುವ ಹಿರೇಬೆಣಕಲ್ ಇನ್ನೊಂದು ದಿಕ್ಕಿಗೆ, ಕನಕಗಿರಿಯ ಕನಕಾಚಲಪತಿ ಗುಡಿ ಮತ್ತೊಂದು ಕಡೆ, 575 ಮೆಟ್ಟಿಲಿನ ಅಂಜನಾದ್ರಿ ಬೆಟ್ಟ ತುಂಗಭದ್ರಾ ನದಿಯ ಮಗ್ಗುಲಿಗೆ. ಲಾಡ್ಜ್‌ಗಳು ಹೆಚ್ಚಾಗಿ ಕೊಪ್ಪಳ, ಗಂಗಾವತಿ, ಹೊಸಪೇಟೆಗಳಲ್ಲೇ. ಕುಕನೂರು, ಯಲಬುರ್ಗಾ ಕಡೆ ಹೆಂಡತಿ ಮಕ್ಕಳೊಂದಿಗೆ ರಾತ್ರಿ ತಂಗಲು ಕೋಣೆ ಹುಡುಕುವುದು ಸುಲಭವಲ್ಲ. ಕೊಪ್ಪಳದಿಂದ ಹೊರಟು ಇಟಗಿ, ಕುಕನೂರು, ಯಲಬುರ್ಗಾ, ಕುಷ್ಟಗಿ, ಕನಕಗಿರಿ, ಗಂಗಾವತಿ, ಆನೆಗೊಂದಿ, ಹುಲಿಗಿ ಸುತ್ತಿ ಮರಳಿದರೆ ಒಳದಾರಿಗಳೂ ಸೇರಿ ಸುಮಾರು 250 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಡುವ ಟೆಂಪೋ ಟ್ರಾವೆಲರ್‌ನಲ್ಲಿ (ಟಿಟಿ) 25 ಲೀಟರ್ ಡೀಸೆಲ್. 92 ರೂಪಾಯಿ ದರ ಹಿಡಿದರೆ 2,300. ಇಷ್ಟು ಸುತ್ತಲು ಐದು ರಾತ್ರಿ ಬೇಕು ಎಂದುಕೊಂಡರೆ ನೀರು 615 ಲೀಟರ್. ಅಷ್ಟನ್ನು ಒಮ್ಮೆಗೇ ಹೊರುವುದು ಟಿಟಿಗೆ ಭಾರ, ಹೊರಬೇಕಾಗಿಯೂ ಇಲ್ಲ.

ನೀರನ್ನು ಎರಡಾಗಿ ಒಡೆಯಿರಿ. ತೊಳೆಯುವ ನೀರು ದಿನಕ್ಕೆ 103 ಲೀಟರ್. ಅದಕ್ಕೆ ಗಾಡಿಯ ತಳದಲ್ಲಿ, ಎರಡು ಆಕ್ಸಲ್‌ಗಳ ನಡುವೆ, 120 ಲೀಟರಿನ ಟ್ಯಾಂಕು. ಕುಡಿಯುವ ನೀರು ಪ್ರತ್ಯೇಕವಾಗಿ 20 ಲೀಟರಿನ ಎರಡು ಕ್ಯಾನ್, ಎರಡು ದಿನಕ್ಕೆ ಸಾಕು. ಒಟ್ಟು 160. ಈ ಪ್ರತ್ಯೇಕತೆ ಇಲ್ಲಿ ಅತ್ಯಗತ್ಯ. ಕುಷ್ಟಗಿ, ಯಲಬುರ್ಗಾ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಮಿತಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಿ. ಮಕ್ಕಳಿದ್ದ ಗಾಡಿಯಲ್ಲಂತೂ ದೊಡ್ಡ ಟ್ಯಾಂಕಿನ ನೀರನ್ನು ಒಂದು ಲೋಟವೂ ಕುಡಿಯಗೊಡಬಾರದು.

ಸ್ನಾನವನ್ನು ಲಾಡ್ಜಿನಲ್ಲೋ ಯಾತ್ರಿನಿವಾಸದಲ್ಲೋ ಮುಗಿಸಿದ ದಿನ 60 ಲೀಟರ್ ಉಳಿಯುತ್ತದೆ, ಅಂದರೆ ಅರ್ಧಕ್ಕೆ ಅರ್ಧ. ಎರಡು ದಿನಕ್ಕೊಮ್ಮೆ ಹೀಗೆ ಮಾಡಿ, ದಾರಿಯಲ್ಲಿ ಟ್ಯಾಂಕನ್ನೂ ಕ್ಯಾನನ್ನೂ ಮತ್ತೆ ಮತ್ತೆ ತುಂಬಿಸಿಕೊಂಡರೆ 160 ಲೀಟರಿನ ಗಾಡಿ ಐದು ರಾತ್ರಿಯ ಸುತ್ತನ್ನು ಸಲೀಸಾಗಿ ಮುಗಿಸುತ್ತದೆ.

ಇನ್ನು ಭಾರ. ಒಂದು ಲೀಟರ್ ನೀರು ಒಂದು ಕಿಲೋ. ಗಾಡಿ ಕೊಳ್ಳುವ ಮುನ್ನ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕ ನೋಡಿ, ಸೀಟು ಕಿತ್ತ ಖಾಲಿ ಗಾಡಿಗೆ ಡೀಸೆಲ್ ತುಂಬಿಸಿ ಕಾಟಾಕ್ಕೆ ಹಾಕಿಸಿ. ಗಂಗಾವತಿಯಲ್ಲಿ ರೈಸ್‌ಮಿಲ್ಲುಗಳಿರುವ ಕಡೆಯೆಲ್ಲ ಕಾಟಾ ಇದೆ. ಭತ್ತದ ಲೋಡ್ ತೂಗುವ ಆ ಚೀಟಿಯೇ ನಿಮಗೆ ಬೇಕಾದ ದಾಖಲೆ. ಆರ್‌ಸಿಯಲ್ಲಿ 3,500 ಕಿಲೋ, ಕಾಟಾದಲ್ಲಿ 2,300 ಬಂತು ಎಂದುಕೊಳ್ಳೋಣ. ಮನೆ, ಮಂದಿ, ಸಾಮಾನು ಎಲ್ಲಕ್ಕೂ ಸೇರಿ ಉಳಿದದ್ದು 1,200.

12 ಮಿ.ಮೀ. ದಪ್ಪದ, 8 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ಹಾಳೆ ಸುಮಾರು 23 ಕಿಲೋ. ಹತ್ತು ಹಾಳೆಗೆ 230. ನಾಲ್ಕು ಜನ 260. ನೀರು 160. ಚೌಕಟ್ಟು, ಶಾಖ ತಡೆಯುವ ಫೋಮ್, ವೈರಿಂಗ್ 100. ಪಾತ್ರೆ, ಬಟ್ಟೆ, ದಿನಸಿ 100. ಸೋಲಾರ್ ಹಲಗೆ ಕಂಬಿ ಸಮೇತ 50, ಹಾಸಿಗೆ 40, ಲಿಥಿಯಂ ಬ್ಯಾಟರಿ 25, ಫ್ರಿಜ್ 20, ನೆರಳಿನ ಚಪ್ಪರ 20, ಗ್ಯಾಸು 12, ಶೌಚದ ಡಬ್ಬಿ 10. ಕೂಡಿಸಿದರೆ 1,027 ಕಿಲೋ. ಇನ್ನೂ 173 ಕಿಲೋ ಬಿಡುವು ಇದೆ.

ಇದೇ ಗಾಡಿಗೆ ಮನೆಯ ಬಡಿಗೇರನ ಅಭ್ಯಾಸದಂತೆ 18 ಮಿ.ಮೀ. ಪ್ಲೈವುಡ್ ಹಾಕಿಸಿದರೆ ಹಾಳೆಗೆ 34 ಕಿಲೋ, ಹತ್ತಕ್ಕೆ 110 ಹೆಚ್ಚು. ಅಡುಗೆಕಟ್ಟೆಗೆ 4 ಅಡಿ ಉದ್ದ, 2 ಅಡಿ ಅಗಲದ ಗ್ರಾನೈಟ್ ಕೂರಿಸಿದರೆ 36. ಅಗ್ಗವೆಂದು ಲಿಥಿಯಂ ಬದಲು ಎರಡು ದೊಡ್ಡ ಇನ್ವರ್ಟರ್ ಬ್ಯಾಟರಿ ಇಟ್ಟರೆ 85 ಹೆಚ್ಚು. ಇರಲಿ ಎಂದು ನೀರು 300 ಲೀಟರಿಗೆ ಏರಿಸಿದರೆ 140. ಒಟ್ಟು 1,398. ಮಿತಿ ಮೀರಿ 198 ಕಿಲೋ. ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ಹಿಡಿಯಲು ದೂರ ಬೇಕಾಗುತ್ತದೆ, ಮೇ ತಿಂಗಳ ಕಾದ ರಸ್ತೆಯಲ್ಲಿ ಟೈರು ಸಿಡಿಯುವ ಅಪಾಯ ಹೆಚ್ಚುತ್ತದೆ. ಗ್ರಾನೈಟಿನ ಊರುಗಳ ನಡುವೆ ಇದ್ದೂ ಗಾಡಿಗೆ ಗ್ರಾನೈಟ್ ಬೇಡವೆನ್ನುವುದು ಇದಕ್ಕೇ.

ಕಾನೂನಿನ ಮಾತು ಚಿಕ್ಕದು, ಆದರೆ ಬಡಿಗೇರನ ಬಳಿ ಹೋಗುವ ಮುನ್ನವೇ ಮುಗಿಯಬೇಕಾದದ್ದು. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಮೋಟರ್ ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನಕ ಇದೆ. ಆ ಮಾನಕದಂತೆ ಒಪ್ಪಿಗೆ ಪಡೆದವರ ಕೈಯಲ್ಲೇ ಕೆಲಸ ಮಾಡಿಸಿ, ಆರ್‌ಸಿಯಲ್ಲಿ ಗಾಡಿಯ ಬಗೆ ಬದಲಾಗಿದೆಯೇ ನೋಡಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಲೈಸೆನ್ಸ್ ಬಗ್ಗೆ ಭಯ ಬೇಡ: 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕೆಂದು ಅದೇ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಬಾಡಿಗೆಗೂ ಬಿಡುವ ಯೋಚನೆ ಇದ್ದರೆ ಹಳದಿ ಬೋರ್ಡ್ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ (ಎಫ್‌ಸಿ) ಮಾಡಿಸಬೇಕು.

ಕರೆಂಟಿನ ಲೆಕ್ಕಕ್ಕೆ ಬರೋಣ. 28 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನ್ ಹತ್ತು ತಾಸು ತಿರುಗಿದರೆ 560 ವ್ಯಾಟ್-ಅವರ್. 45 ವ್ಯಾಟಿನ ಚಿಕ್ಕ ಫ್ರಿಜ್ ದಿನದ ಅರ್ಧ ಹೊತ್ತು ಓಡಿದರೆ 540. ದೀಪ 100, ಫೋನುಗಳು 100, ನೀರಿನ ಪಂಪು 30. ಒಟ್ಟು 1,330, ಅಂದರೆ ಒಂದೂಕಾಲು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 2,560 ಹಿಡಿಯುತ್ತದೆ. ಅದರ ನೂರಕ್ಕೆ ಎಂಬತ್ತು ಬಳಸಿದರೆ ಒಂದೂವರೆ ದಿನ. ಗಾಡಿಯ ತಾರಸಿಯ ಮೇಲೆ ಎರಡು ಹಲಗೆಯ 400 ವ್ಯಾಟ್ ಸೋಲಾರ್ ಇದ್ದರೆ, ಧೂಳು ಮತ್ತು ಕಾವಿನ ನಷ್ಟ ಕಳೆದು, ಬಿಸಿಲಿನ ದಿನ 1,600 ಕೊಡುತ್ತದೆ. ಸಾಲುತ್ತದೆ.

ಎ.ಸಿ. ಬಂದೊಡನೆ ಈ ಲೆಕ್ಕ ಮುರಿಯುತ್ತದೆ. ಒಂದು ಟನ್ನಿನ ಇನ್ವರ್ಟರ್ ಎ.ಸಿ. 900 ವ್ಯಾಟಿನಂತೆ ರಾತ್ರಿ ಆರು ತಾಸು ಓಡಿದರೆ 5,400. ಅದೊಂದಕ್ಕೇ ಇನ್ನೂ ಮೂರು ಅಂಥ ಬ್ಯಾಟರಿ, ಇನ್ನೂ 1,350 ವ್ಯಾಟ್ ಸೋಲಾರ್ ಬೇಕು. ಅಷ್ಟು ಹಲಗೆಗೆ ಟಿಟಿಯ ಮೇಲೆ ಜಾಗವೇ ಇಲ್ಲ. ಪ್ಲಗ್ ಸಿಗುವ ಕಡೆ ನಿಲ್ಲಿಸುವ ದಿನಕ್ಕಷ್ಟೇ ಎ.ಸಿ. ಇರಲಿ. ಏಪ್ರಿಲ್, ಮೇನಲ್ಲಿ ಇಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಗಾಡಿವಾಸ ಬೇಡವೆಂದೇ ನನ್ನ ಸಲಹೆ. ನವೆಂಬರ್‌ನಿಂದ ಫೆಬ್ರುವರಿ ಈ ಸೀಮೆಯ ಕಾಲ. ನಡುವಿನ ತಿಂಗಳುಗಳಲ್ಲಿ ಬೇವಿನ ನೆರಳು ಬೇಕೆನಿಸುತ್ತದೆ, ನೆರಳಿಗೆ ಹೋದರೆ ಸೋಲಾರ್ ನಿಲ್ಲುತ್ತದೆ. ಅದಕ್ಕೆ ಎರಡರಲ್ಲಿ ಒಂದು ಹಲಗೆಯನ್ನು ಬಿಚ್ಚುವಂತೆ ಮಾಡಿಸಿ, ಹತ್ತು ಮೀಟರ್ ವೈರ್ ಇಟ್ಟುಕೊಂಡರೆ ಗಾಡಿ ನೆರಳಲ್ಲಿ, ಹಲಗೆ ಬಿಸಿಲಲ್ಲಿ.

ಅಡುಗೆಗೆ ದಿನಕ್ಕೆ 370 ಗ್ರಾಂ ಗ್ಯಾಸು ಹಿಡಿದರೆ 5 ಕಿಲೋ ಸಿಲಿಂಡರ್ 13 ದಿನ ಬರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ; ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಗ್ಯಾಸನ್ನೂ ಫ್ರಿಜ್ಜನ್ನೂ ಅರ್ಧಕ್ಕಿಳಿಸುವ ದಾರಿ ನಮ್ಮ ಸೀಮೆಯ ಅಡುಗೆಮನೆಯಲ್ಲೇ ಇದೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ವಾರಗಟ್ಟಲೆ ಕೆಡುವುದಿಲ್ಲ.

ಈಗ ದುಡ್ಡು. ಕೆಳಗಿನ ದರಗಳು ಲೆಕ್ಕಕ್ಕೆ ಹಿಡಿದವು; ನಿಮಗೆ ಸಿಕ್ಕ ದರ ಹಾಕಿಕೊಂಡು ಮತ್ತೆ ಕೂಡಿಸಿ. ಗಾಡಿಗೆ 13 ಲಕ್ಷ. ಪ್ಲೈವುಡ್ ಮತ್ತು ಮರಗೆಲಸ 1,80,000, ಕಿಟಕಿ ಮತ್ತು ಗಾಳಿಗಂಡಿ 75,000, ಫೋಮ್ 60,000, ಬ್ಯಾಟರಿ 60,000, ಇನ್ವರ್ಟರ್ ಮತ್ತು ವೈರಿಂಗ್ 50,000, ಚಪ್ಪರ 40,000, ಫ್ರಿಜ್ 35,000, ಸೋಲಾರ್ 30,000, ಹಾಸಿಗೆ 30,000, ಟ್ಯಾಂಕು-ಪಂಪು 25,000, ಶೌಚ 25,000, ಒಪ್ಪಿಗೆ ಮತ್ತು ಉಳಿದ ಕೂಲಿ 90,000. ಒಳಗಿನ ಕೆಲಸ ಒಟ್ಟು 7 ಲಕ್ಷ. ಎಲ್ಲ ಸೇರಿ 20 ಲಕ್ಷ.

ಹತ್ತು ವರ್ಷದ ಮೇಲೆ 5 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ ಸವಕಳಿ 1,50,000. ಹಣ ಬ್ಯಾಂಕಿನಲ್ಲಿದ್ದರೆ ಬರುತ್ತಿದ್ದ ಬಡ್ಡಿ, ಸರಾಸರಿ 12.5 ಲಕ್ಷಕ್ಕೆ ನೂರಕ್ಕೆ ಏಳರಂತೆ, 87,500. ವಿಮೆ, ತೆರಿಗೆ 50,000. ರಿಪೇರಿ, ಟೈರು 50,000. ಗಾಡಿ ಅಂಗಳದಲ್ಲೇ ನಿಂತಿದ್ದರೂ ವರ್ಷಕ್ಕೆ 3,37,500 ಹೋಗುತ್ತದೆ. 30 ರಾತ್ರಿ ಬಳಸಿದರೆ ರಾತ್ರಿಗೆ 11,250. 90 ರಾತ್ರಿಗೆ 3,750. ಅದರ ಎದುರು, ಮನೆಯಲ್ಲಿರುವ ಕಾರಿನಲ್ಲೇ ಹೋಗಿ ಲಾಡ್ಜಿಗೆ 2,000, ಹೋಟೆಲ್ ಊಟದ ಹೆಚ್ಚುವರಿ ಖರ್ಚು 1,000 ಕೊಟ್ಟರೆ ರಾತ್ರಿಗೆ 3,000. ದಿನಕ್ಕೆ 150 ಕಿ.ಮೀ. ಓಡಿದರೆ ಕಾರಿಗಿಂತ ಟಿಟಿ ಇಂಧನದಲ್ಲಿ 420 ಹೆಚ್ಚು ತಿನ್ನುತ್ತದೆ. ಉಳಿತಾಯ 2,580ಕ್ಕೆ ಇಳಿಯಿತು. ಭಾಗಿಸಿದರೆ 131. ವರ್ಷಕ್ಕೆ 131 ರಾತ್ರಿ ಗಾಡಿಯಲ್ಲಿ ಮಲಗದ ಕುಟುಂಬಕ್ಕೆ ಕೊಳ್ಳುವುದು ನಷ್ಟದ ಬಾಬತ್ತು. ರಜೆಗೆ ಎರಡು ವಾರ ಹೋಗುವವರಿಗೆ ದಿನಕ್ಕೆ ಹತ್ತು ಸಾವಿರ ಕೇಳುವ ಬಾಡಿಗೆ ಗಾಡಿಯೂ ಅಗ್ಗವೇ.

ಹಾಗಾದರೆ ಯಾರಿಗೆ ಗಿಟ್ಟುತ್ತದೆ? ರಸ್ತೆಯೇ ದುಡಿಮೆಯಾದವರಿಗೆ. ತುಂಗಭದ್ರಾ ಎಡದಂಡೆಯ ಭತ್ತದ ಗದ್ದೆಗಳಿಗೆ ಹೊರಗಿನಿಂದ ಬರುವ ಹಾರ್ವೆಸ್ಟರ್ ತಂಡಗಳು, ಜಾತ್ರೆಯಿಂದ ಜಾತ್ರೆಗೆ ಅಂಗಡಿ ಹೂಡುವವರು, ನಾಟಕ ಕಂಪನಿಯವರು. ಹಾರ್ವೆಸ್ಟರ್ ಹುಡುಗರು ಯಂತ್ರದ ಮಗ್ಗುಲಲ್ಲೇ ಸೊಳ್ಳೆಯ ನಡುವೆ ಮಲಗಿ ಬೆಳಗಿನಿಂದ ಮತ್ತೆ ಸ್ಟಿಯರಿಂಗ್ ಹಿಡಿಯುತ್ತಾರೆ. ಅವರ ನಿದ್ದೆ ಯಾರ ಲೆಕ್ಕದಲ್ಲೂ ಬರುವುದಿಲ್ಲ, ಬರಬೇಕು. ಹಳೆಯ ಟಿಟಿ, ಐದು ಮಡಚುವ ಮಂಚ, ಎರಡು ಫ್ಯಾನ್, ಜಾಲರಿ ಕಿಟಕಿ, ನೀರಿನ ಟ್ಯಾಂಕು ಎಲ್ಲ ಸೇರಿ 9 ಲಕ್ಷ ಎಂದು ಹಿಡಿಯಿರಿ. ಎಂಟು ವರ್ಷದ ಮೇಲೆ 3 ಲಕ್ಷಕ್ಕೆ ಹೋದರೆ ಸವಕಳಿ 75,000, ಬಡ್ಡಿ 42,000, ವಿಮೆ-ತೆರಿಗೆ 35,000, ರಿಪೇರಿ 50,000. ವರ್ಷಕ್ಕೆ 2,02,000. ಮುಂಗಾರು, ಬೇಸಿಗೆ ಎರಡೂ ಹಂಗಾಮು ಸೇರಿ 120 ರಾತ್ರಿ, ಐದು ಜನ: ತಲೆಗೆ ರಾತ್ರಿಗೆ 337 ರೂಪಾಯಿ. ಯಂತ್ರದ ಮಾಲೀಕ ತಾಸಿಗಿಷ್ಟೆಂದು ಪಡೆಯುವ ಬಾಡಿಗೆಯ ಮುಂದೆ ಇದು ದೊಡ್ಡ ಮೊತ್ತವಲ್ಲ.

ನಿಲ್ಲಿಸುವ ಜಾಗದ ವಿಷಯದಲ್ಲಿ ಉಳಿತಾಯ ನೋಡಬೇಡಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಕಾಲುವೆ ದಂಡೆಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದು ಒಬ್ಬರ ಜೀವವೇ ಹೋಯಿತು. ನೋಟ ಎಷ್ಟೇ ಚೆಂದವಿರಲಿ, ಒಂಟಿ ದಂಡೆಯಲ್ಲಿ ಗಾಡಿ ಹಾಕಬೇಡಿ. ಕಾವಲಿರುವ ಪೆಟ್ರೋಲ್ ಬಂಕ್, ದೇವಸ್ಥಾನದ ವಾಹನ ನಿಲುಗಡೆ, ಲಾಡ್ಜಿನ ಅಂಗಳ ಕೇಳಿ. ರಾತ್ರಿಗೆ 300 ರೂಪಾಯಿ ಕೊಟ್ಟರೂ ಐದು ರಾತ್ರಿಗೆ 1,500, ಅದರಲ್ಲಿ ಪ್ಲಗ್ಗೂ ನಲ್ಲಿಯೂ ಸಿಕ್ಕರೆ ಕರೆಂಟಿನ, ನೀರಿನ ಲೆಕ್ಕ ಎರಡೂ ಅರ್ಧ ಹಗುರ.

ಕೊನೆಯದು, ಯಾರೂ ಕೇಳದ ಅಂಕಿ: ಹೊರಹೋಗುವ ನೀರು. ದಿನಕ್ಕೆ 87 ಲೀಟರ್ ಸೋಪಿನ ನೀರು, ಅದಕ್ಕೆ 90 ಲೀಟರಿನ ಇನ್ನೊಂದು ಟ್ಯಾಂಕು. ಶೌಚದ 20 ಲೀಟರಿನ ಡಬ್ಬಿ ನಾಲ್ಕು ಜನಕ್ಕೆ ಒಂದೇ ದಿನಕ್ಕೆ ತುಂಬುತ್ತದೆ. ಅದನ್ನು ಅನುಮತಿ ಕೇಳಿ ಸಾರ್ವಜನಿಕ ಶೌಚಾಲಯದಲ್ಲಿ ಸುರಿದು, ಒಂದು ಬಕೆಟ್ ನೀರು ಹಾಕಿ ಬನ್ನಿ. ಎಡದಂಡೆ ಕಾಲುವೆಗೆ ಮಾತ್ರ ಒಂದು ತೊಟ್ಟೂ ಬೀಳಬಾರದು. ಕೆಳಗಿನ ಊರುಗಳು ಅದೇ ನೀರನ್ನು ಕೆರೆಗೆ ತುಂಬಿಸಿಕೊಂಡು ಕುಡಿಯುತ್ತವೆ.